ಲಾಮೆಕ್ ಜೆರೆಯ ಇಲಿಗಳಿಗೆ ಸರ್ಕಾರದ ಒಪ್ಪಿಗೆ

ದೇವರು ಆರು ದಿನಗಳಲ್ಲಿ ಲೋಕವನ್ನು ಸೃಷ್ಟಿಸಿದನೆಂದು ಬರೆದಿದೆ. ನಗುವನ್ನು ಯಾವ ದಿನ ಸೃಷ್ಟಿಸಿದನೆಂದು ಬರೆದಿಲ್ಲ. ನನ್ನ ನಮ್ರ ಅಭಿಪ್ರಾಯದಲ್ಲಿ ಅದು ಆರನೆಯ ದಿನದ ಸಂಜೆ, ಬೆಂಬಾ ಜನರನ್ನು ಮಾಡಿ ಮುಗಿಸಿ, ಕೈ ತೊಳೆದುಕೊಂಡು, ಒಂದು ಹೆಜ್ಜೆ ಹಿಂದೆ ಸರಿದು ನೋಡಿದಾಗ ಆಗಿರಬೇಕು.

ನಾನು ಹೀಗೆ ಹೇಳಬಹುದು, ಯಾಕೆಂದರೆ ನಾನು ಅದೇ ದೇಶದ ಅಂಗೋನಿ ಕುಲದವನು. ನಮ್ಮ ಮುತ್ತಜ್ಜಂದಿರೂ ಬೆಂಬಾದವರ ಮುತ್ತಜ್ಜಂದಿರೂ ಈಟಿ ಹಿಡಿದು ಹೊಡೆದಾಡಿದರು, ದಣಿದರು, ದಣಿದ ಮೇಲೆ ಭಾವ-ಮೈದುನರಾದರು. ಅಂದಿನಿಂದ ಬೆಂಬಾದವನು ನಮ್ಮನ್ನು ಕಂಡರೆ ‘ಇಲಿ ತಿನ್ನೋನೇ’ ಎನ್ನಬೇಕು. ನಾವು ಅವನನ್ನು ‘ಕೋತಿ ತಿನ್ನೋನೇ’ ಎನ್ನಬೇಕು. ಕೈಚೀಲ ಕಿತ್ತುಕೊಳ್ಳಬಹುದು, ಕುರ್ಚಿಯಿಂದ ಎಬ್ಬಿಸಬಹುದು, ಸಾವಿನ ಮನೆಯಲ್ಲಿ ಹೆಣದ ಪಕ್ಕ ಕೂತು ಸತ್ತವನನ್ನೇ ಹಂಗಿಸಬಹುದು. ಸಿಟ್ಟಾದವನು ಸೋತ. ಉತ್ತರ ಕೊಡದವನು ಇನ್ನೂ ಸೋತ.

ಲಾಮೆಕ್ ಜೆರೆ ನಮ್ಮ ಗುಡ್ಡದ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ನಾನು ಯೋತಾಮು, ಅದೇ ವಿಭಾಗದ ಗುಮಾಸ್ತ. ಭಾನುವಾರಗಳಲ್ಲಿ ಚರ್ಚಿನ ಹಿರಿಯ. ಜೆರೆ ಹನ್ನೊಂದು ವರ್ಷದಿಂದ ಡಾಕ್ಟರೇಟ್ ಮಾಡುತ್ತಿದ್ದ. ವಿಷಯ, ಮೆಕ್ಕೆಜೋಳ ಕೊಯ್ದ ಮೇಲೆ ಹೊಲದ ಇಲಿಗಳು ಏನು ತಿನ್ನುತ್ತವೆ ಎಂಬುದು. ಹೊಲದ ಇಲಿಗಳನ್ನು ನಾವು ತಿನ್ನುತ್ತೇವೆಂದು ಲೋಕಕ್ಕೇ ಗೊತ್ತು. ಇಲಿಗಳು ಏನು ತಿನ್ನುತ್ತವೆಂದು ಕೇಳಿದ ಮೊದಲ ಮನುಷ್ಯ ಜೆರೆ. ಇನ್ನು ನಲವತ್ತು ಇಲಿಗಳ ಹೊಟ್ಟೆ ನೋಡಿದರೆ ಪುಸ್ತಕ ಮುಗಿಯುತ್ತಿತ್ತು.

ಅಷ್ಟರಲ್ಲಿ ಸರ್ಕಾರ ಎರಡು ಕಾನೂನು ಮಾಡಿತು. ಡಾಕ್ಟರೇಟಿನ ದಾರಿಯಲ್ಲಿಲ್ಲದ ಮೇಷ್ಟ್ರು ಅಕ್ಟೋಬರ್ ಒಂದರಿಂದ ಮೇಷ್ಟ್ರಲ್ಲ, ಪ್ರಯೋಗಶಾಲೆಯ ಸಹಾಯಕ, ಇದು ಮೊದಲನೆಯದು. ಜೀವವಿರುವ ಯಾವುದನ್ನೇ ಮುಟ್ಟುವ ಸಂಶೋಧನೆಗೂ ರಾಜಧಾನಿ ಲುಸಾಕಾದ ಸಂಶೋಧನಾ ಅನುಮತಿ ಮಂಡಳಿಯ ಒಪ್ಪಿಗೆಪತ್ರ ಬೇಕು, ಇಲ್ಲವಾದರೆ ಅವನು ಆ ದಾರಿಯಲ್ಲೇ ಇಲ್ಲ, ಇದು ಎರಡನೆಯದು.

ಡೀನ್ ಶಾವಾ ಜೆರೆಯನ್ನು ಕರೆಸಿದರು. “ಸೆಪ್ಟೆಂಬರ್ ಮೂವತ್ತರ ಸಂಜೆಯೊಳಗೆ ಆ ಕಾಗದ ನನ್ನ ಮೇಜಿನ ಮೇಲಿದ್ರೆ ನಿನ್ನ ಕೆಲಸ ಉಳೀತು. ಇಲ್ದಿದ್ರೆ ಮಾರನೇ ದಿನ ನಿನ್ನ ಹುಡುಗರ ಗಾಜಿನ ಕೊಳವೆ ತೊಳೀತಿರ್ತೀಯ.”

“ಅರ್ಜಿ ಹೋಗಿದೆ ಸಾರ್. ಈಗಿನ್ನೂ ಜೂನು.”

“ಮಂಡಳಿಯವರಿಗೆ ಜೂನ್‌ಗೂ ಸೆಪ್ಟೆಂಬರ್‌ಗೂ ನಡುವೆ ಇರೋದು ಒಂದು ಲೋಟ ಚಹಾ, ತಿಳ್ಕೊ.”

ಜುಲೈಯಲ್ಲಿ ಮಂಡಳಿಯ ಪತ್ರ ಬಂತು. ಹದಿನಾಲ್ಕು ಪ್ರಶ್ನೆ. ಕೆಳಗೆ ಸಹಿ: ಶ್ರೀಮತಿ ಎಂ. ಕಾಸೊಂಡೆ, ಹಿರಿಯ ಅಧಿಕಾರಿ. ಕಾಸೊಂಡೆ ಎಂಬುದು ಅಪ್ಪಟ ಬೆಂಬಾ ಹೆಸರು. ಜೆರೆ ಮೊದಲು ಸಹಿ ಓದಿದ, ಆಮೇಲೆ ಪ್ರಶ್ನೆ ಓದಿದ. ಅನಾಹುತಕ್ಕೆ ಈ ಕ್ರಮವೇ ಕಾರಣವಾಯಿತು.

‘ಪ್ರಶ್ನೆ ಎರಡು: ಮಂಡಳಿಯ ಅಧಿಕಾರಿಗಳಲ್ಲಿ ನಿಮ್ಮ ನೆಂಟರಿದ್ದಾರೆಯೇ? ಪ್ರಶ್ನೆ ನಾಲ್ಕು: ಇಲಿಗಳ ಮಾಲೀಕರು ಯಾರು, ಅವರ ಒಪ್ಪಿಗೆ ಪಡೆಯಲಾಗಿದೆಯೇ? ಪ್ರಶ್ನೆ ಏಳು: ಇಲಿಗಳಿಗೆ ದುಃಖವಾಗದಂತೆ ಪ್ರಾಣ ತೆಗೆಯುವ ವಿಧಾನವೇನು? ಪ್ರಶ್ನೆ ಒಂಬತ್ತು: ಅಧ್ಯಯನ ಮುಗಿದ ಬಳಿಕ ಸಂಶೋಧಕರಾಗಲಿ ಅವರ ಕುಟುಂಬದವರಾಗಲಿ ಇಲಿಗಳನ್ನು ತಿನ್ನುವ ಸಂಭವವಿದೆಯೇ?’

ಜೆರೆ ಒಂಬತ್ತಕ್ಕೆ ಬರುವಷ್ಟರಲ್ಲಿ ಮೇಜಿನ ಮೇಲೆ ತಲೆಯಿಟ್ಟು ನಗುತ್ತಿದ್ದ.

“ಯೋತಾಮು, ನೋಡಯ್ಯ ಇವಳನ್ನ. ಒಬ್ಬ ಅಂಗೋನಿಗೆ ಸರ್ಕಾರದ ಕಾಗದದ ಮೇಲೆ, ಸೀಲು ಹಾಕಿ, ಮನೆಯವರೆಲ್ಲ ಕೂತು ಇಲಿ ತಿಂತೀರಾ ಅಂತ ಕೇಳ್ತಾಳೆ. ಎಂಥಾ ಭಾವನೆಂಟ್ರು ಸಿಕ್ಕಿದ್ರು ನನಗೆ.”

“ಮೇಷ್ಟ್ರೇ, ಇದು ಅಚ್ಚಾದ ಅರ್ಜಿ ಇದ್ದಂಗಿದೆ. ಎಲ್ರಿಗೂ ಇದೇ ಕಳಿಸ್ತಾರೇನೋ.”

“ಇಲಿಗೆ ದುಃಖ ಆಗದಂಗೆ ಅಂತ ಯಾವ ಸರ್ಕಾರ ಅಚ್ಚು ಹಾಕ್ಸುತ್ತೆ? ಇದು ಹಂಗಿಸೋದಕ್ಕೇ ಬರೆದಿದ್ದು. ಉತ್ತರ ಕೊಡದೇ ಇದ್ರೆ ನಮ್ಮ ಮರ್ಯಾದೆ ಏನಾಗ್ಬೇಕು?”

ಮರ್ಯಾದೆಯ ಮಾತು ಬಂದ ಮೇಲೆ ನಾನು ಟೈಪು ಮಾಡಲು ಕೂತೆ. ಅವನು ಹೇಳಿದ, ನಾನು ಕುಟ್ಟಿದೆ. ‘ಮರದ ಮೇಲಿನ ಬಂಧುಗಳನ್ನು ತಿಂದು ಬೆಳೆದ ಶ್ರೀಮತಿ ಕಾಸೊಂಡೆಯವರಿಗೆ ವಿನಯಪೂರ್ವಕ ನಮಸ್ಕಾರ. ಎರಡು: ನೆಂಟರಿದ್ದಾರೆ, ನೀವೇ. ನಾಲ್ಕು: ಇಲಿಗಳು ಅವುಗಳ ದೊರೆಯವು, ಅವನು ಬಾಯಿಮಾತಿನಲ್ಲಿ ಒಪ್ಪಿದ್ದಾನೆ. ಏಳು: ನಿಮ್ಮ ಕಾಸಾಮಾ ಕಡೆಯ ಒಂದು ಹಾಡು ಹಾಡುತ್ತೇವೆ, ಇಲಿಗಳು ತಾವಾಗಿಯೇ ಪ್ರಾಣ ಬಿಡುತ್ತವೆ. ಒಂಬತ್ತು: ಖಂಡಿತ ತಿನ್ನುತ್ತೇವೆ, ಕೋತಿ ತಿನ್ನುವವರನ್ನು ಊಟಕ್ಕೆ ಕರೆಯುವುದಿಲ್ಲ.’

ಆ ರಾತ್ರಿ ಪ್ರಾರ್ಥನೆಯಲ್ಲಿ ಈ ಟೈಪಿನ ವಿಷಯ ದೇವರಿಗೆ ತಿಳಿಸಿದೆ. ದೇವರು ಏನೂ ಹೇಳಲಿಲ್ಲ. ಮಂಡಳಿ ಹೇಳಿತು.

ಮೂರು ವಾರಕ್ಕೆ ಉತ್ತರ ಬಂತು. ‘ತಮ್ಮ ಉತ್ತರಗಳನ್ನು ಪರಿಶೀಲಿಸಲಾಗಿದೆ. ಎರಡು: ಪರಿಶೀಲನೆಯಲ್ಲಿದೆ. ನಾಲ್ಕು: ಬಾಯಿಮಾತಿನ ಒಪ್ಪಿಗೆ ಸಿಂಧುವಲ್ಲ. ದೊರೆಯ ಹೆಬ್ಬೆಟ್ಟಿನ ಗುರುತನ್ನು ಎರಡು ಪ್ರತಿಗಳಲ್ಲಿ ಸಲ್ಲಿಸುವುದು. ದೊರೆಗೆ ಓದಲು ಬಾರದಿದ್ದರೆ ಅರ್ಜಿಯನ್ನು ಅವರ ಭಾಷೆಯಲ್ಲಿ ಓದಿ ಹೇಳಿದವರು ಯಾರೆಂದು ತಿಳಿಸುವುದು. ಏಳು: ಹಾಡಿನ ಪೂರ್ಣ ಪಾಠ, ಹಾಡುವ ಅವಧಿ ಮತ್ತು ಹಾಡುವವರ ಅರ್ಹತಾಪತ್ರ ಲಗತ್ತಿಸುವುದು, ಕೇಳುವಷ್ಟು ದೂರದಲ್ಲಿ ಮನುಷ್ಯರಿದ್ದರೆ ಅವರಿಗೆ ಮುನ್ನೆಚ್ಚರಿಕೆ ಕೊಡಲಾಗುವುದೇ? ಒಂಬತ್ತು: ತಾವು ಪ್ರಸ್ತಾಪಿಸಿದ ಕೋತಿಗಳ ಸಂಖ್ಯೆ ನಮೂದಾಗಿಲ್ಲ.’

ಜೆರೆ ಇದನ್ನು ನಿಂತುಕೊಂಡೇ ಓದಿದ. ಅವನ ಕಣ್ಣಲ್ಲಿ ನೀರು ಬಂತು. ಅದು ಭಕ್ತಿಯ ನೀರು.

“ಒಂದು ನಗು ಇಲ್ಲ, ಬಿಗಿ ಒಂದಿಷ್ಟೂ ಸಡಿಲ ಇಲ್ಲ. ಎಷ್ಟು ಗಂಭೀರವಾಗಿ ಹಂಗಿಸ್ತಾಳೆ ನೋಡು. ನನ್ನ ಜೀವಮಾನದಲ್ಲಿ ಇಂಥಾ ಬೆಂಬಾನ ಕಂಡಿಲ್ಲ.”

ಆ ಪತ್ರ ಮೇಷ್ಟ್ರ ಕೋಣೆಯಲ್ಲಿ ಓದಿಸಿಕೊಂಡಿತು, ಆಮೇಲೆ ಸಂತೆಯಲ್ಲಿ ಓದಿಸಿಕೊಂಡಿತು. ಇಲಿ ಮಾರುವ ಹೆಂಗಸರು ಕಡ್ಡಿಗೆ ಪೋಣಿಸುವುದನ್ನು ನಿಲ್ಲಿಸಿ ಕೇಳಿದರು. ನಮ್ಮ ದೊರೆಯ ಪರವಾಗಿ ಊರು ನೋಡಿಕೊಳ್ಳುವ ಇಂಡುನಾ ಗಾಮಾ ಎಂಬತ್ತರ ಮುದುಕ. ಹಲ್ಲು ಮೂರೇ ಇದ್ದರೂ ಮೂರನ್ನೂ ತೋರಿಸಿ ನಕ್ಕ. “ಬಿಡಬೇಡ ಲಾಮೆಕ್. ನಮ್ಮ ಜನದ ಮಾನ ನಿನ್ನ ಕೈಲಿದೆ” ಅಂದ. ಅವತ್ತಿನಿಂದ ಜೆರೆ ನಡೆಯುವ ರೀತಿಯೇ ಬೇರೆಯಾಯಿತು. ಕೈ ಹಿಂದೆ ಕಟ್ಟಿಕೊಂಡು ನಡೆಯತೊಡಗಿದ.

ಹೆಂಡತಿ ಎಸ್ನಾತಿ ದವಾಖಾನೆಯ ನರ್ಸು. ದಿನವೂ ಜ್ವರ ಅಳೆಯುವವಳಾದ್ದರಿಂದ ಗಂಡನ ಜ್ವರವೂ ತಿಳಿಯಿತು. “ರೀ, ಕೆಲಸ ಹೋದ್ರೆ ಈ ನಗು ಬೇಯಿಸಿ ತಿನ್ನೋಕೆ ಬರುತ್ತಾ?” ಅಂದಳು.

“ಭಾವನೆಂಟ್ರು ಆಟ ಆಡಿ ಮುಗಿದ ಮೇಲೆ ಒಪ್ಪಿಗೆ ಕೊಟ್ಟೇ ಕೊಡ್ತಾರೆ ಕಣೆ. ಅದು ಪದ್ಧತಿ.”

“ಪದ್ಧತಿ ಅವರಿಗೂ ಗೊತ್ತಿದ್ಯಾ ಅಂತ ಕೇಳಿದ್ರಾ?”

ಕೇಳಿರಲಿಲ್ಲ. ಕೇಳಿದರೆ ಆಟ ಕೆಡುತ್ತದೆ. ಬದಲಿಗೆ ಜೆರೆ ಒಂದು ದಪ್ಪ ಇಲಿಯನ್ನು ಹಿಡಿದು, ಅದರ ಮುಂಗಾಲನ್ನು ನನ್ನ ಸೀಲಿನ ಮಸಿಯಲ್ಲಿ ಅದ್ದಿ, ಎರಡು ಪ್ರತಿಗಳ ಮೇಲೆ ಒತ್ತಿದ. ಅರ್ಜಿಯನ್ನು ಅದಕ್ಕೆ ಓದಿ ಹೇಳಿದವರು: ಲಾಮೆಕ್ ಜೆರೆ. ಹಾಡುವವರು: ಎಸ್ನಾತಿ ಜೆರೆ. ಅರ್ಹತಾಪತ್ರವನ್ನು ಚರ್ಚಿನ ಕಾಗದದ ಮೇಲೆ ನಾನೇ ಬರೆದುಕೊಟ್ಟೆ: ‘ಈಕೆ ಹಾಡಲು ನಿಂತರೆ ಮುಂದಿನ ಮೂರು ಸಾಲು ಖಾಲಿಯಾಗುವುದನ್ನು ಹನ್ನೆರಡು ವರ್ಷದಿಂದ ಕಂಡಿದ್ದೇನೆ.’ ಬರೆದದ್ದು ಸತ್ಯ. ಎಸ್ನಾತಿ ಎರಡು ಭಾನುವಾರ ನನ್ನ ಕಡೆ ನೋಡಲಿಲ್ಲ.

ಸೆಪ್ಟೆಂಬರ್ ಇಪ್ಪತ್ತರಂದು ಮೂರನೆಯ ಪತ್ರ. ‘ದೊರೆಯ ಹೆಬ್ಬೆಟ್ಟಿನ ಗುರುತಿನಲ್ಲಿ ನಾಲ್ಕು ಬೆರಳುಗಳು ಕಾಣುತ್ತಿದ್ದು, ಹೆಬ್ಬೆಟ್ಟು ಕಾಣುತ್ತಿಲ್ಲ. ಕೋತಿಗಳ ಸಂಖ್ಯೆಯ ಜಾಗ ಖಾಲಿಯಿದೆ. ಖಾಲಿ ಎಂದರೆ ಸೊನ್ನೆಯಲ್ಲ. ಪ್ರಶ್ನೆ ಎರಡರ ಉತ್ತರವನ್ನು ಸ್ಥಳದಲ್ಲೇ ಪರಿಶೀಲಿಸುವ ಅಗತ್ಯ ಕಂಡುಬಂದಿದೆ. ಇದೇ ಇಪ್ಪತ್ತೆಂಟರಂದು ಬರಲಿದ್ದೇವೆ.’

“ಬರ್ತಿದಾಳೆ,” ಅಂದ ಜೆರೆ. ಮದುವೆಯ ದಿನವೂ ಅವನ ಮುಖ ಹೀಗೆ ಹೊಳೆದಿರಲಿಲ್ಲ.

ಡೀನ್ ಶಾವಾ ಬಾಗಿಲಲ್ಲಿ ನಿಂತು ಕೇಳಿದರು. “ಜೆರೆ, ಮಂಡಳಿಯವರು ಗಡುವಿಗೆ ಎರಡು ದಿನ ಮುಂಚೆ ತಪಾಸಣೆಗೆ ಬರೋದು ಒಳ್ಳೇ ಸುದ್ದಿನಾ, ಕೆಟ್ಟ ಸುದ್ದಿನಾ?”

“ನೆಂಟ್ರು ಬರ್ತಿದಾರೆ ಸಾರ್. ನೆಂಟ್ರ ಮುಂದೆ ಕಾನೂನು ಏನು ಮಾಡುತ್ತೆ?”

ಇಪ್ಪತ್ತೆಂಟರ ಬೆಳಿಗ್ಗೆ ಜೆರೆಯ ಅಂಗಳದಲ್ಲಿ ಅರ್ಧ ಊರು ಸೇರಿತ್ತು. ಹತ್ತು ಗಂಟೆಗೆ ಜೀಪು ಬಂತು. ಹಿಂದಿನ ಸೀಟಿನಿಂದ ಐವತ್ತೈದರ ಆಸುಪಾಸಿನ ಹೆಂಗಸು ಇಳಿದರು: ಗಂಜಿ ಹಾಕಿ ಇಸ್ತ್ರಿ ಮಾಡಿದ ಉಡುಪು, ದಪ್ಪ ಕನ್ನಡಕ, ಕಂಕುಳಲ್ಲಿ ಫೈಲು. ಜೀಪು ಓಡಿಸುತ್ತಿದ್ದವನು ಸಣಕಲು ಮನುಷ್ಯ. ಹಳೆಯ ಕೋಟು, ಬಾಯಲ್ಲಿ ಒಂದು ಮಾತಿಲ್ಲ.

ಶ್ರೀಮತಿ ಕಾಸೊಂಡೆ ಬಾಯಿ ತೆರೆಯುವ ಮೊದಲೇ ಜೆರೆ ಅವರ ಕೈಚೀಲ ಕಿತ್ತುಕೊಂಡು, ಅವರಿಗಾಗಿ ಹಾಕಿದ್ದ ಕುರ್ಚಿಯಲ್ಲಿ ತಾನೇ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡ.

“ಬಾಮ್ಮ ಬಾ. ದಾರೀಲಿ ಮರಗಳೆಲ್ಲ ಖಾಲಿ ಮಾಡ್ಕೊಂಡು ಬಂದ್ಯಾ?”

ಮುದುಕಿಯರು ಎದೆ ಬಡಿದುಕೊಂಡು ಸುಳ್ಳು ಅಳು ಅಳತೊಡಗಿದರು. “ಅಯ್ಯೋ, ಕೂಸುಗಳನ್ನ ಒಳಗೆ ಕರ್ಕೊಳ್ರೇ, ಬಾಲ ಇದೆ ಅಂದ್ಕೊಂಡು ಎತ್ಕೊಂಡು ಹೋದಾಳು.” ಇನ್ನೊಬ್ಬಳು ಒನಕೆ ತಂದು ಕೈಗೆ ಹಿಡಿಸಿದಳು. “ನಮ್ಮೂರಲ್ಲಿ ಊಟ ಬೇಕಾದ್ರೆ ಮೊದಲು ಜೋಳ ಕುಟ್ಟು. ನಿಮ್ಮೂರಲ್ಲಿ ಕೊಂಬೆಯಿಂದ ಉದುರುತ್ತೇನೋ.”

ಡ್ರೈವರನಿಗೆ ಮಾತ್ರ ರಾಜೋಪಚಾರ. ಪರಸ್ಥಳದವನು, ಪಾಪ, ಎಂದು ಅವನನ್ನು ಮಾವಿನ ಮರದ ನೆರಳಿನಲ್ಲಿ ಕೂರಿಸಿ, ನ್ಶಿಮಾ ಮುದ್ದೆಯ ಜೊತೆ ಕೋಳಿಯ ತೊಡೆ ಬಡಿಸಿ, ಮಹೇವು ಎಂಬ ಜೋಳದ ಹುಳಿ ಅಂಬಲಿ ಕುಡಿಸಿದರು. ಅವನು ತಲೆ ಬಗ್ಗಿಸಿ ತಿಂದ.

ಶ್ರೀಮತಿ ಕಾಸೊಂಡೆ ಎಲ್ಲರನ್ನೂ ಒಮ್ಮೆ ನೋಡಿದರು. ಫೈಲನ್ನು ನನ್ನ ಕೈಗೆ ಕೊಟ್ಟರು. ಕನ್ನಡಕ ತೆಗೆದು ಫೈಲಿನ ಮೇಲಿಟ್ಟರು. ಆಮೇಲೆ ಒನಕೆ ಎತ್ತಿ ಕುಟ್ಟತೊಡಗಿದರು. ಒಂದು, ಎರಡು, ಮೂರನೆಯ ಏಟಿಗೆ ಒನಕೆಯನ್ನು ಮೇಲಕ್ಕೆಸೆದು, ಒಂದು ಚಪ್ಪಾಳೆ ತಟ್ಟಿ, ಕೆಳಗೆ ಬರುವಷ್ಟರಲ್ಲಿ ಹಿಡಿದರು. ಮತ್ತೆ ಒಂದು, ಎರಡು, ಮೇಲೆ, ಚಪ್ಪಾಳೆ. ಅಳುತ್ತಿದ್ದ ಮುದುಕಿಯರು ಒಬ್ಬೊಬ್ಬರಾಗಿ ಸುಮ್ಮನಾದರು. ಹಾಗೆ ಕುಟ್ಟುವುದನ್ನು ನಮ್ಮ ಅಜ್ಜಿಯರು ನಮ್ಮ ಹೆಣ್ಣುಮಕ್ಕಳಿಗಲ್ಲದೆ ಬೇರೆಯವರಿಗೆ ಕಲಿಸಿದ್ದನ್ನು ನಾನು ಕಂಡಿಲ್ಲ.

ಇಂಡುನಾ ಗಾಮಾ ಕೋಲೂರಿ ಎದ್ದ. “ತಾಯೀ, ಈ ಕೈ ಎಲ್ಲಿಂದ ಬಂತು?”

“ನಮ್ಮಪ್ಪನ ಮನೆಯಿಂದ,” ಅಂದರು ಆಕೆ, ಉಸಿರು ಸರಿಮಾಡಿಕೊಂಡು. “ಕಾಸೊಂಡೆ ನನ್ನ ಗಂಡನ ಹೆಸರು. ನಮ್ಮಪ್ಪ ಯೆಸಾಯ ಜೆರೆ. ಈ ಕುರ್ಚಿಯಲ್ಲಿ ಕೂತಿರೋನ ಅಪ್ಪ ಎಲಿಫಾಜ, ನನ್ನ ದೊಡ್ಡಪ್ಪನ ಮಗ. ನಾನು ಇವನಿಗೆ ಸೋದರತ್ತೆ ಆಗಬೇಕು.”



ನಮ್ಮಲ್ಲಿ ಸೋದರತ್ತೆಯೆಂದರೆ ಹೆಣ್ಣುರೂಪದ ಅಪ್ಪ. ಅವಳ ಮುಂದೆ ನಿಂತು ಮಾತಾಡುವಂತಿಲ್ಲ, ಮುಖ ನೋಡಿ ಮಾತಾಡುವಂತಿಲ್ಲ. ಜೆರೆ ಕುರ್ಚಿಯಿಂದ ಏಳಲಿಲ್ಲ, ಜಾರಿದ. ಜಾರಿ ನೆಲದ ಮೇಲೆ ಬಂದು, ಎರಡು ಕೈ ಬಟ್ಟಲು ಮಾಡಿ, ಹಿರಿಯರ ಮುಂದೆ ತಟ್ಟುವ ಹಾಗೆ ಮೆಲ್ಲಗೆ ಚಪ್ಪಾಳೆ ತಟ್ಟತೊಡಗಿದ. ಕೈಚೀಲ ಮಾತ್ರ ಮೊಣಕೈಗೆ ತೂಗಾಡುತ್ತಿತ್ತು.

“ಎರಡನೇ ಪ್ರಶ್ನೆಗೆ ನೆಂಟರು ‘ನೀವೇ’ ಅಂತ ನೀನು ಬರೆದಿದ್ದೆ,” ಅಂದರು ಅತ್ತೆ. “ ಯಾರಿವನು, ಇಷ್ಟು ನೇರವಾಗಿ ಬರೀತಾನಲ್ಲ ಅಂತ ನಮ್ಮ ಅಣ್ಣಂದಿರನ್ನ ವಿಚಾರಿಸಿದೆ. ನಿಜ ಅಂದ್ರು. ಹದಿಮೂರು ಉತ್ತರದಲ್ಲಿ ನಿಜ ಅದೊಂದೇ.”

“ಅತ್ತೆ, ನಾನು...”

“ಎರಡು ಪತ್ರ. ಎರಡರಲ್ಲೂ ಕೋತಿ. ನಾನು ತಿಂದಿಲ್ಲ. ಮನೆಯವರು ತಿಂದಿದ್ದಾರೆ, ಅದು ಅವರ ವಿಚಾರ.”

“ತಾವು ತಮಾಷೆ ಮಾಡ್ತಿದೀರಿ ಅಂದ್ಕೊಂಡೆ ಅತ್ತೆ. ಇಲಿಗೆ ದುಃಖ ಅಂತೆಲ್ಲ...”

“ಇಪ್ಪತ್ತಾರು ವರ್ಷ ಆಫೀಸಲ್ಲಿ ಇದ್ದೀನಿ, ಒಂದು ದಿನ ತಮಾಷೆ ಮಾಡಿಲ್ಲ,” ಅಂದರು ಅತ್ತೆ. ಅದನ್ನು ಯಾರೂ ಅನುಮಾನಿಸಲಿಲ್ಲ. “ಅರ್ಜಿದಾರನಿಗೆ ತಲೆ ಸರಿಯಿದೆಯೇ ಅಂತ ಕೇಳೋ ಪ್ರಶ್ನೆ ಫಾರಂನಲ್ಲಿ ಇಲ್ಲ. ಆದ್ದರಿಂದ ಬರೆದದ್ದನ್ನ ಬರೆದ ಹಾಗೆ ತಗೊಂಡೆ.”

ಆಮೇಲೆ ಅವರು ಕನ್ನಡಕ ಹಾಕಿಕೊಂಡು, ನನ್ನ ಕೈಲಿದ್ದ ಫೈಲು ಪಡೆದು ತೆರೆದು, ಒಳಗಿನದನ್ನು ನೋಡದೆ ಮುಚ್ಚಿದರು. “ನೆಂಟಸ್ತಿಕೆ ಸಾಬೀತಾಯ್ತು. ಕಾನೂನಿನ ಪ್ರಕಾರ ಇನ್ನು ಈ ಅರ್ಜಿಗೆ ನಾನು ಸಹಿ ಮಾಡೋ ಹಾಗಿಲ್ಲ.”

ಜೆರೆಯ ಚಪ್ಪಾಳೆ ನಿಂತಿತು. ಎಸ್ನಾತಿ ಅಡಿಗೆಮನೆಯ ಬಾಗಿಲಿಂದ ಮುಂದೆ ಬಂದಳು. “ಅತ್ತೆಯೋರೇ, ನಾಡಿದ್ದು ಮೂವತ್ತು. ಕಾಗದ ಇಲ್ದಿದ್ರೆ ಇವರು ಕೊಳವೆ ತೊಳೀಬೇಕು. ಮನೇಲಿ ಒಂದು ತಟ್ಟೆ ತೊಳೆಯೋಕೂ ಬರಲ್ಲ ಇವರಿಗೆ.”

“ನನ್ನಿಂದ ಆಗಲ್ಲ ಅಂದೆ ಮಗಳೇ. ಯಾರಿಂದಲೂ ಆಗಲ್ಲ ಅನ್ಲಿಲ್ಲ. ಎರಡನೇ ಅಧಿಕಾರಿ ಮಾಡಬಹುದು.” ಅತ್ತೆ ಗದ್ದದಿಂದ ಮಾವಿನ ಮರದ ಕಡೆ ತೋರಿಸಿದರು. “ಸಂಪಾ. ಈ ವರ್ಷ ನಮಗೆ ಡ್ರೈವರ್ ಕೊಟ್ಟಿಲ್ಲ, ಅದಕ್ಕೆ ಅವರೇ ಓಡಿಸ್ತಾರೆ.”

ಸಣಕಲು ಮನುಷ್ಯ ಕೋಳಿಯ ಮೂಳೆಯನ್ನು ತಟ್ಟೆಯಲ್ಲಿಟ್ಟು, ಕೈ ತೊಳೆದು, ಬಂದು ಖಾಲಿ ಕುರ್ಚಿಯಲ್ಲಿ ಕೂತ.

“ಈಗ ನಾನು ಮಾತಾಡಬಹುದಾ ಮೇಡಂ?” ಅಂದ. ಅತ್ತೆ ಹೂಂ ಅಂದರು. ಸಂಪಾ ಜೆರೆಯ ಕಡೆ ತಿರುಗಿ ಬಾಯಿ ತುಂಬ ನಕ್ಕ. “ಏನು ಭಾವ, ಇಲಿ ತಿನ್ನೋನೇ. ನಾನು ಕಾಸಾಮಾದವನು. ಅಪ್ಪ ಬೆಂಬಾ, ಅಮ್ಮ ಬೆಂಬಾ. ಕೋಳಿ ಚೆನ್ನಾಗಿತ್ತು. ನಿಜವಾದ ಬೆಂಬಾನ ಕೂರಿಸಿ ಉಣಬಡಿಸಿ, ಸ್ವಂತ ಅತ್ತೆ ಕೈಲಿ ಜೋಳ ಕುಟ್ಟಿಸಿದ ಅಂಗೋನಿ ಇಡೀ ದೇಶದಲ್ಲಿ ನೀನೊಬ್ಬನೇ.”

ಅವನು ಫೈಲು ಓದಿದ. ಹಾಡಿನ ಪುಟಕ್ಕೆ ಬಂದಾಗ ಕುರ್ಚಿಯ ಕೈ ಹಿಡಿದುಕೊಂಡ. ನನ್ನ ಅರ್ಹತಾಪತ್ರ ಓದಿ ನೀರು ಕೇಳಿದ. ಕೊನೆಗೆ ಕಣ್ಣೊರೆಸಿಕೊಂಡು, ಒಂದು ಬಿಳಿ ಹಾಳೆ ತೆಗೆದು ನೆಲದ ಮೇಲೆ ಜೆರೆಯ ಮುಂದಿಟ್ಟ.

“ಸಹಿ ಮಾಡ್ತೀನಿ. ಹದಿನಾಲ್ಕನೇ ಪ್ರಶ್ನೆ ಬಾಕಿ ಇದೆ: ‘ಅಧಿಕಾರಿಗೆ ಅಗತ್ಯವೆನಿಸಿದ ಇತರ ಹೇಳಿಕೆ’. ಬರಿ. ‘ನಮ್ಮ ಮುತ್ತಜ್ಜಂದಿರ ಯುದ್ಧದಲ್ಲಿ ಬೆಂಬಾ ಜನ ಗೆದ್ದರು. ಅಂಗೋನಿಗಳಾದ ನಾವು ಓಡಿದೆವು.’ ಕೆಳಗೆ ಹೆಸರು.”

“ಸಾರ್, ಇದಕ್ಕೂ ಇಲಿಗೂ ಏನು ಸಂಬಂಧ?”

“ನನಗೆ ಅಗತ್ಯ ಅನ್ನಿಸ್ತಿದೆ ಭಾವ. ಮೊದಲನೇ ಪತ್ರ ಓದಿದಾಗಿಂದ ಅನ್ನಿಸ್ತಿದೆ.”

ಇಂಡುನಾ ಕೋಲನ್ನು ನೆಲಕ್ಕೆ ಕುಕ್ಕಿದ. “ಲಾಮೆಕ್, ಬರೆದ್ಯೋ, ಗೋರಿಯಲ್ಲಿ ಹಿರಿಯರು ಮಗ್ಗುಲು ಬದಲಾಯಿಸ್ತಾರೆ.”

“ಬದಲಾಯಿಸ್ಲಿ ಬಿಡಿ ತಾತ,” ಅಂದಳು ಎಸ್ನಾತಿ. “ಇಷ್ಟು ವರ್ಷ ಒಂದೇ ಮಗ್ಗುಲಲ್ಲಿ ಮಲಗಿದ್ದಾರೆ, ನೋಯ್ತಿರುತ್ತೆ. ಅಕ್ಟೋಬರ್ ಒಂದಕ್ಕೆ ಅವರು ಎದ್ದು ಬಂದು ಇವರ ಬದಲು ಕೊಳವೆ ತೊಳೀತಾರಾ?”

ಜೆರೆ ನನ್ನ ಕಡೆ ನೋಡಿದ. “ಯೋತಾಮು, ನೀನು ಚರ್ಚಿನ ಹಿರಿಯ. ಇದು ಪಾಪವಾ?”

ನಾನು ಬಹಳ ಯೋಚಿಸಿದೆ. “ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬೇಡ ಅಂತ ಇದೆ. ಮುತ್ತಜ್ಜನ ಮೇಲೆ ಹೇಳಬಹುದಾ ಅನ್ನೋ ವಿಷಯದಲ್ಲಿ ಮೋಶೆ ಏನೂ ಹೇಳಿಲ್ಲ,” ಅಂದೆ. ಎರಡೂ ಕಡೆಯವರು ನನ್ನನ್ನು ಸಮಾನವಾದ ತಿರಸ್ಕಾರದಿಂದ ನೋಡಿದರು.

“ಲಾಮೆಕ್,” ಅಂದರು ಅತ್ತೆ. “ಬರಿ.”

ಸೋದರತ್ತೆ ಹೇಳಿದ ಮೇಲೆ ಮುಗಿಯಿತು. ಜೆರೆ ನೆಲದ ಮೇಲೆ ಬಗ್ಗಿ, ಪರೀಕ್ಷೆಯಲ್ಲಿ ನಕಲು ಮಾಡುವ ಹುಡುಗನ ಹಾಗೆ ಒಂದು ಕೈ ಮರೆಮಾಡಿಕೊಂಡು ಬರೆದ. ಸಂಪಾ ಕೋಟಿನ ಜೇಬಿನಿಂದ ಸೀಲು ತೆಗೆದು, ಅದರ ಮೇಲೆ ಉಸಿರು ಬಿಟ್ಟು, ಒಪ್ಪಿಗೆಪತ್ರದ ಮೇಲೆ ಒತ್ತಿದ. ಆಮೇಲೆ ಬಹಳ ಸಂತೋಷದಿಂದ ಆ ಬಿಳಿ ಹಾಳೆಯನ್ನು ಎತ್ತಿ ಎಲ್ಲರಿಗೂ ತೋರಿಸಿದ.

“ಆಯ್ತು ಭಾವ. ನಕ್ಕಿದ್ದಾಯ್ತು. ಇನ್ನು ಇದನ್ನ ಹರಿದು ಬಿಸಾಕೋಣ.”

“ಕೈ ತೆಗೀರಿ ಸಂಪಾ,” ಅಂದರು ಅತ್ತೆ.

“ಮೇಡಂ, ಇದು ಭಾವ-ಮೈದುನರ ತಮಾಷೆ...”

“ಹದಿನಾಲ್ಕನೇ ಪ್ರಶ್ನೆಯ ಉತ್ತರ ಅದು. ಒಪ್ಪಿಗೆ ನಿಂತಿರೋದು ಹದಿನಾಲ್ಕೂ ಉತ್ತರದ ಮೇಲೆ. ಒಂದು ಹಾಳೆ ಹೋದ್ರೆ ಒಪ್ಪಿಗೆಯೂ ಹೋಯ್ತು.” ಅವರು ಜೆರೆಯ ಕಡೆ ನೋಡಿದರು. “ತೆಗೀಲಾ?”

ಊರು ಊರೇ ಜೆರೆಯನ್ನು ನೋಡಿತು. ಬೆಂಬಾ ಸಂಪಾ ಕೂಡ ಬೇಡುವವನ ಹಾಗೆ ನೋಡಿದ. ಅಂಗೋನಿಗಳನ್ನು ಕಾಗದದ ಮೇಲೆ ನಿಜವಾಗಿಯೂ ಸೋಲಿಸುವ ಉದ್ದೇಶ ಅವನಿಗೆ ಇರಲಿಲ್ಲ, ಹಾಗಾದರೆ ಮುಂದೆ ಜಗಳವಾಡುವುದಕ್ಕೆ ಏನು ಉಳಿಯಿತು? ಜೆರೆ ಒಪ್ಪಿಗೆಪತ್ರವನ್ನು ಎದೆಗೆ ಒತ್ತಿಕೊಂಡ.

“ಇರ್ಲಿ ಅತ್ತೆ,” ಅಂದ, ಮಣ್ಣಿಗೆ ಹೇಳಿದ ಹಾಗೆ.

ಅತ್ತೆ ಪೆನ್ನು ತೆಗೆದು ಹಾಳೆಯ ಮೂಲೆಯಲ್ಲಿ ಬರೆದರು: ಪುಟ ನಲವತ್ತೇಳು. ಆಮೇಲೆ ಕೈಚೀಲ ಕೇಳಿ ಪಡೆದರು.

ಜೆರೆಯ ಕೆಲಸ ಉಳಿಯಿತು. ನಮಸ್ಕಾರಗಳು ಹೋದವು. ಅವನು ಬಂದರೆ ಮುದುಕರು ಬೆಂಚಿನ ಮೇಲೆ ಅಗಲವಾಗಿ ಕೂರುತ್ತಿದ್ದರು. ಸಂತೆಯ ಹೆಂಗಸರು ಅವನಿಗೆ ಒಂದು ಇಲಿ ಕೊಡಲಿಲ್ಲ. ಕೊನೆಯ ನಲವತ್ತನ್ನು ಗಂಡ ಹೆಂಡತಿ ಇಬ್ಬರೇ ಗುದ್ದಲಿ ಹಿಡಿದು ಅಗೆದರು. ಒಪ್ಪಿಗೆಪತ್ರದ ಷರತ್ತಿನಂತೆ ಎಸ್ನಾತಿ ಮೂರು ನಿಮಿಷ ಹಾಡಿದಳು. ಇಲಿಗಳು ಸಾಯಲಿಲ್ಲ, ನಿದ್ದೆ ಹೋದವು. ಜೆರೆ ಅದನ್ನೂ ಒಂದು ಅಧ್ಯಾಯ ಮಾಡಿದ. ಪರೀಕ್ಷಕರು ಆ ಅಧ್ಯಾಯವನ್ನೇ ಹೊಗಳಿದರು. ಡಿಸೆಂಬರಿನಲ್ಲಿ ಅವನು ಡಾಕ್ಟರ್ ಜೆರೆಯಾದ. ಅಭಿನಂದಿಸಲು ಬಂದವನು ನಾನೊಬ್ಬ, ಅದೂ ಹಿತ್ತಲ ಬಾಗಿಲಿನಿಂದ.

ಇಂಡುನಾ ಗಾಮಾ ಸುಮ್ಮನಿರಲಿಲ್ಲ. ಹನ್ನೊಂದು ಹಿರಿಯರನ್ನು ಕರೆದುಕೊಂಡು, ಚಿರತೆ ಚರ್ಮ ಹೊದ್ದು, ಗುರಾಣಿ ಹಿಡಿದು, ಬಸ್ಸಿನಲ್ಲಿ ಲುಸಾಕಾಕ್ಕೆ ಹೋದ. ಫೈಲಿನಿಂದ ಪುಟ ನಲವತ್ತೇಳು ತೆಗೆದುಹಾಕಿ ಎಂದ. ಮಂಡಳಿಯವರು ಅವರನ್ನು ಕೂರಿಸಿ, ಚಹಾ ಕೊಟ್ಟು, ಒಂದು ಫಾರಂ ಕೊಟ್ಟು ಕಳಿಸಿದರು.

ಜನವರಿಯ ಒಂದು ಮಧ್ಯಾಹ್ನ, ಜೋರು ಮಳೆಯಲ್ಲಿ, ಇಂಡುನಾ ಜೆರೆಯ ಮನೆಗೆ ಬಂದ. ನಾನು ಅಲ್ಲೇ ಇದ್ದೆ. ಮೂರು ತಿಂಗಳಿಂದ ಆ ಬಾಗಿಲ ಕಡೆ ಮುಖ ಮಾಡಿರಲಿಲ್ಲ ಅವನು. ಒಳಗೆ ಬಂದು ಚಾಪೆಯ ಮೇಲೆ ಕೂತು, ಹೊದ್ದ ಚಿರತೆ ಚರ್ಮದ ಮಡಿಕೆಯಿಂದ ಫಾರಂ ತೆಗೆದ.

“ಆ ಹಾಳೆ ಸುಳ್ಳು ಅಂತ ಹೊಸ ಸಂಶೋಧನೆ ತೋರಿಸಿದ್ರೆ ತೆಗೀತಾರಂತೆ. ಸಂಶೋಧನೆ ಮಾಡೋಕೆ ಅನುಮತಿ ಬೇಕಂತೆ. ಅನುಮತಿ ಕೇಳೋಕೆ ಡಾಕ್ಟರಾಗಿರ್ಬೇಕಂತೆ. ಈ ಸುತ್ತಮುತ್ತ ಅಂಗೋನಿ ಡಾಕ್ಟರು ಎಷ್ಟು ಜನ ಅಂತ ವಿಚಾರಿಸಿದೆ.” ಅವನು ಗೋಡೆಯ ಕಡೆ ನೋಡಿದ. “ನೀನೊಬ್ಬನೇ ಅಂತೆ. ಓದು.”

ಜೆರೆ ಅವಸರ ಮಾಡದೆ ಕನ್ನಡಕ ಹಾಕಿಕೊಂಡ. “‘ಯುದ್ಧದಲ್ಲಿ ಭಾಗವಹಿಸಿದ ಪ್ರತಿಯೊಬ್ಬರ ಲಿಖಿತ ಒಪ್ಪಿಗೆಯನ್ನು ಪಡೆಯತಕ್ಕದ್ದು.’”

“ಅವರು ಮಣ್ಣಾಗಿ ನೂರು ವರ್ಷದ ಮೇಲಾಯ್ತಲ್ಲೋ.”

“‘ತೀರಿಕೊಂಡಿದ್ದಲ್ಲಿ ಮರಣಪತ್ರ ಲಗತ್ತಿಸುವುದು.’”

“ಆಗ ಆಫೀಸೇ ಇರ್ಲಿಲ್ಲ.”

“‘ಮರಣಪತ್ರ ಇಲ್ಲದಿದ್ದಲ್ಲಿ, ಮರಣವನ್ನು ಕಣ್ಣಾರೆ ಕಂಡ ಇಬ್ಬರು ಸಾಕ್ಷಿಗಳನ್ನು ಹಾಜರುಪಡಿಸುವುದು.’”

ಇಂಡುನಾ ಬಗ್ಗಿ ಫಾರಂನ ಅಂಚು ಎತ್ತಿ ನೋಡಿದ. “ಇನ್ನೆಷ್ಟು ಪುಟ ಇದೆ?”

“ಹದಿಮೂರು.”

ಇವನ ಹಿರಿಯರು ದಕ್ಷಿಣದ ಕೊನೆಯಿಂದ ಹೊರಟು, ಹೊಳೆಗಳನ್ನು ಈಜಿ, ಸಿಂಹಗಳನ್ನು ಓಡಿಸಿ, ಈ ಬೆಟ್ಟಗಳವರೆಗೆ ಬಂದವರು. ದಾರಿಯಲ್ಲಿ ಯಾರೂ ಅವರಿಗೆ ಫಾರಂ ಕೊಟ್ಟಿರಲಿಲ್ಲ. ಇಂಡುನಾ ಆ ಕಾಗದಗಳನ್ನು ಜೋಡಿಸಿ, ಎರಡು ಕೈಯಿಂದ ಹಿಡಿದು, ಆಯುಧ ಇಡುವವನ ಹಾಗೆ ನಿಧಾನವಾಗಿ ಚಾಪೆಯ ಮೇಲಿಟ್ಟು, ಎದ್ದು ನಿಂತ.

“ಲಾಮೆಕ್, ಆ ಹಾಳೇಲಿ ನಾವು ಓಡಿದೆವು ಅಂತ ಬರೆದಿದ್ದೀಯಲ್ಲ. ಯಾವ ಕಡೆಗೆ ಓಡಿದೆವು ಅಂತ ಬರೆದಿದ್ದೀಯಾ?”

ಜೆರೆ ನೆನಪು ಮಾಡಿಕೊಂಡ. “ಇಲ್ಲ ಇಂಡುನಾ. ಬರೀ ಓಡಿದೆವು ಅಂತ.”

“ಹಾಗಾದ್ರೆ ಅವರ ಕಡೆಗೇ ಓಡಿದ್ದು,” ಅಂದ ಇಂಡುನಾ. “ಊರಿಗೆ ನಾನು ಹೇಳ್ತೀನಿ. ಎಸ್ನಾತಿ, ಬಾಗಿಲು ಹಾಕಮ್ಮ, ಇರಚಲು ಒಳಗೆ ಬರ್ತಿದೆ. ಚಹಾ ಕುಡಿದೇ ಹೋಗ್ತೀನಿ.”